ಕಲ್ಲಿನ ತಲೆಗಳ ಕಾಲನಿರ್ಣಯ

ಪ್ರಶ್ನೆ: ಬ್ರಿಟನ್ ಮತ್ತು ಐರ್ಲೆಂಡಿನ ಹಳೆಯ ಗೋಡೆ, ಬಾವಿ, ಹೊಲಗಳಲ್ಲಿ ಸಿಕ್ಕಿರುವ ಕಲ್ಲಿನ ತಲೆಗಳನ್ನು ಕೆಲವರು ಎರಡು ಸಾವಿರ ವರ್ಷಗಳ ಹಿಂದಿನ ಕೆಲ್ಟಿಕ್ (ರೋಮನ್ ಆಳ್ವಿಕೆಗೂ ಮೊದಲು ಪಶ್ಚಿಮ ಮತ್ತು ಮಧ್ಯ ಯುರೋಪಿನಲ್ಲಿ ನೆಲೆಸಿದ್ದ ಕೆಲ್ಟ್ ಜನರ) ಶಿಲ್ಪಗಳೆನ್ನುತ್ತಾರೆ, ಇನ್ನು ಕೆಲವರು ಮೂರ್ನಾಲ್ಕು ಶತಮಾನಗಳಷ್ಟೇ ಹಳೆಯವೆನ್ನುತ್ತಾರೆ. ಕಾರ್ಬನ್ ಪರೀಕ್ಷೆಯಿಂದ ಇದನ್ನು ಇತ್ಯರ್ಥಪಡಿಸಬಾರದೇಕೆ?

ಉತ್ತರ: ರೇಡಿಯೋಕಾರ್ಬನ್ ಪರೀಕ್ಷೆ ನಡೆಯುವುದು ಮರ, ಮೂಳೆ, ಇದ್ದಿಲಿನಂಥ, ಒಂದು ಕಾಲಕ್ಕೆ ಜೀವವಿದ್ದ ವಸ್ತುಗಳ ಮೇಲೆ. ಬಂಡೆಯ ವಯಸ್ಸನ್ನು ಭೂವಿಜ್ಞಾನಿಗಳು ಬೇರೆ ದಾರಿಗಳಿಂದ ಹೇಳಬಲ್ಲರು; ಆದರೆ ಸುಮಾರು ಮೂವತ್ತು ಕೋಟಿ ವರ್ಷ ಹಳೆಯದಾದ, ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಮರಳುಗಲ್ಲಿಗೆ ಉಳಿಯೇಟು ಬಿದ್ದದ್ದು ರೋಮನ್ನರ ಕಾಲದಲ್ಲೋ ವಿಕ್ಟೋರಿಯಾ ರಾಣಿಯ ಕಾಲದಲ್ಲೋ ಎಂಬುದು ಆ ಲೆಕ್ಕದಿಂದ ತಿಳಿಯುವುದಿಲ್ಲ.

ಹಾಗಾಗಿ ವಿದ್ವಾಂಸರು ಬಹುಕಾಲ ಶೈಲಿಯನ್ನೇ ನಂಬಿದರು. ಬಾದಾಮಿಯಾಕಾರದ ಉಬ್ಬುಗಣ್ಣು, ಬೆಣೆಯಂತಹ ಮೂಗು, ಒಂದೇ ಗೀರಿನ ಬಾಯಿ ಕಂಡರೆ ಅದು ಕೆಲ್ಟಿಕ್ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಬ್ರಾಡ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದ್ದ ಸಿಡ್ನಿ ಜಾಕ್ಸನ್ ಯಾರ್ಕ್‌ಷೈರ್ ಪ್ರದೇಶದ ಇಂತಹ ನೂರಾರು ತಲೆಗಳನ್ನು ಶ್ರದ್ಧೆಯಿಂದ ದಾಖಲಿಸಿದರು, ಆ ದಾಖಲೆಗೆ ನಾವು ಋಣಿಗಳು. ಆದರೆ ಗಟ್ಟಿ ಕಲ್ಲಿನಲ್ಲಿ, ಸಾಧಾರಣ ಉಪಕರಣಗಳಿಂದ, ವಿಶೇಷ ತರಬೇತಿಯಿಲ್ಲದವನು ಮುಖ ಕೆತ್ತಹೊರಟರೆ ಯಾವ ಶತಮಾನದಲ್ಲಾದರೂ ಹೆಚ್ಚುಕಡಿಮೆ ಅದೇ ಮುಖ ಮೂಡುತ್ತದೆ. ಅಲ್ಲಿನ ಅನೇಕ ತಲೆಗಳು 17ನೇ ಶತಮಾನದ ತೋಟದ ಮನೆಗಳ ಬಾಗಿಲ ಮೇಲೆ, ಆ ಕಟ್ಟಡದ ಅಂಗವಾಗಿಯೇ ಇವೆ. ಸರಳವಾದದ್ದೆಲ್ಲ ಪ್ರಾಚೀನ ಎಂಬ ಊಹೆಯೇ ಇಲ್ಲಿ ದಾರಿ ತಪ್ಪಿಸಿತೆಂದು ನನ್ನ ಅಭಿಪ್ರಾಯ.

ಉತ್ತರ ಇಂಗ್ಲೆಂಡಿನದೇ ಆದ ಹೆಕ್ಸಮ್ ಪಟ್ಟಣದ ಪ್ರಸಂಗ ಇದಕ್ಕೆ ತಕ್ಕ ನಿದರ್ಶನ. 1970ರ ದಶಕದ ಆರಂಭದಲ್ಲಿ ಅಲ್ಲಿಯ ಮನೆಯೊಂದರ ತೋಟದಲ್ಲಿ ಮಕ್ಕಳಿಗೆ ಎರಡು ಪುಟ್ಟ ತಲೆಗಳು ಸಿಕ್ಕವು. ಕೆಲ್ಟಿಕ್ ಅಧ್ಯಯನದಲ್ಲಿ ಹೆಸರಾಗಿದ್ದ ಆನ್ ರಾಸ್ ಅವು ಪ್ರಾಚೀನವೆಂದು ಭಾವಿಸಿದರು. ಅದೇ ಮನೆಯಲ್ಲಿ ಹಿಂದೆ ವಾಸವಾಗಿದ್ದವರೊಬ್ಬರು, 1956ರಲ್ಲಿ ಮಗಳ ಆಟಕ್ಕೆಂದು ತಾನೇ ಅವನ್ನು ಮಾಡಿದೆನೆಂದರು. ಅವು ಸಹಜ ಕಲ್ಲೋ ಅಚ್ಚು ಹೊಯ್ದ ಕಾಂಕ್ರೀಟೋ ಎಂಬುದರಲ್ಲಿಯೂ ಪರೀಕ್ಷಕರಿಗೆ ಒಮ್ಮತವಾಗಲಿಲ್ಲ.

ಇದಕ್ಕೆ ಪ್ರತಿಯಾಗಿ, 1943ರಲ್ಲಿ ಬೊಹೀಮಿಯಾದ (ಇಂದಿನ ಜೆಕ್ ಗಣರಾಜ್ಯದ ಪಶ್ಚಿಮ ಭಾಗ) ಮ್ಶೆಟ್ಸ್ಕೆ ಜೆಹ್ರೊವಿತ್ಸೆಯಲ್ಲಿ ಒಡೆದ ಚೂರುಗಳಾಗಿ ದೊರೆತ ತಲೆಯನ್ನು ನೋಡಿ. ಸುರುಳಿಯಾಗಿ ಮೇಲಕ್ಕೆ ತಿರುಗಿದ ಹುಬ್ಬು ಮತ್ತು ಮೀಸೆ, ಕತ್ತಿನಲ್ಲಿ ದಪ್ಪ ಕಂಠಿ ಇರುವ ಈ ತಲೆಯನ್ನು ಕ್ರಿ.ಪೂ. 2ನೇ ಶತಮಾನದ ಆಸುಪಾಸಿನದೆಂದು ಹೇಳುವಾಗ ವಿದ್ವಾಂಸರಿಗೆ ಶೈಲಿಯೊಂದೇ ಆಧಾರವಲ್ಲ, ಅದೇ ಗುಂಡಿಯ ಮಡಕೆ ಚೂರುಗಳೂ ಇವೆ. ಫ್ರಾನ್ಸಿನ ದಕ್ಷಿಣದ ಆಂತ್ರೆಮಾಂಟ್‌ನ ತಲೆಗಳಿಗೂ ಇಂಥದೇ ಆಸರೆಯಿದೆ: ರೋಮನ್ನರು ಆ ನೆಲೆಯನ್ನು ಕ್ರಿ.ಪೂ. 120ರ ದಶಕದಲ್ಲಿ ವಶಪಡಿಸಿಕೊಂಡದ್ದರಿಂದ ಅವು ಅದಕ್ಕೂ ಹಿಂದಿನವೆನ್ನಬಹುದು.

ಐರ್ಲೆಂಡಿನ ಕಾರ್ಲೆಕ್ ತಲೆಗೆ ಆ ಭಾಗ್ಯವಿಲ್ಲ. ಸುಮಾರು 1855ರಲ್ಲಿ ಕ್ಯಾವನ್ ಕೌಂಟಿಯಲ್ಲಿ ಸಿಕ್ಕ, ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಈ ಒಂದಡಿ ಎತ್ತರದ ಕಲ್ಲಿನಲ್ಲಿ ಮೂರು ಮುಖಗಳಿವೆ. ಒಂದರ ಬಾಯಲ್ಲಿ ಮಾತ್ರ ಸಣ್ಣ ದುಂಡು ರಂಧ್ರವಿದೆ, ಬುಡದಲ್ಲಿ ಕಂಬಕ್ಕೆ ಕೂರಿಸಲೆಂಬಂತೆ ಇನ್ನೊಂದು ಕುಳಿಯಿದೆ. ಸಾಮಾನ್ಯವಾಗಿ ಇದನ್ನು ಕ್ರಿ.ಶ. 1 ಅಥವಾ 2ನೇ ಶತಮಾನಕ್ಕೆ ಸೇರಿಸುತ್ತಾರೆ. ಮೂರು ಮುಖಗಳ ವಿನ್ಯಾಸವನ್ನು ರೋಮನ್ ಕಾಲದ ಗಾಲ್ (ಸರಿಸುಮಾರು ಇಂದಿನ ಫ್ರಾನ್ಸ್) ಮತ್ತು ಬ್ರಿಟನ್ನಿನ ಶಿಲ್ಪಗಳೊಂದಿಗೆ ಹೋಲಿಸಿದಾಗ ಆ ಮಾತು ನನಗೆ ಒಪ್ಪಿಗೆಯಾಗುತ್ತದೆ, ಆದರೂ ಅದನ್ನು ಸಂಭಾವ್ಯವೆಂದೇ ಓದಬೇಕು.

ಇನ್ನುಳಿದ ವಿಧಾನಗಳು ಅಂಚುಗಳನ್ನಷ್ಟೇ ಗುರುತಿಸುತ್ತವೆ. ಸವೆತ ಕಲ್ಲಿನ ಜಾತಿಯನ್ನೂ ಮಳೆಗಾಳಿಯನ್ನೂ ಅವಲಂಬಿಸಿದೆ. ಅಂಟಿಕೊಂಡ ಗಾರೆ, ಈ ತಲೆ ಒಮ್ಮೆ ಗೋಡೆಯಲ್ಲಿತ್ತೆಂದು ಹೇಳುತ್ತದೆ. ಹೂತ ಕಲ್ಲಿನ ಮೇಲ್ಮೈಗೆ ಕೊನೆಯ ಬಾರಿ ಬೆಳಕು ತಾಗಿದ್ದೆಂದು ಎಂಬುದನ್ನು ಅಂದಾಜಿಸುವ ಲ್ಯುಮಿನೆಸೆನ್ಸ್ ವಿಧಾನ ಈಚೆಗೆ ಬೆಳೆಯುತ್ತಿದೆ. ಅದು ಕೊಡುವುದೂ ಹೂಳಲ್ಪಟ್ಟ ಕಾಲವನ್ನೇ ಹೊರತು ಕೆತ್ತಿದ ಕಾಲವನ್ನಲ್ಲ, ಮತ್ತು ಕಲ್ಲನ್ನು ಅಗೆದು ಬಿಸಿಲಿಗಿಟ್ಟು ತೊಳೆದ ಮೇಲೆ ಆ ಸುಳಿವೂ ಅಳಿಸಿಹೋಗುತ್ತದೆ. ಆದ್ದರಿಂದ ಇಂತಹ ತಲೆ ಕಣ್ಣಿಗೆ ಬಿದ್ದವರು ಅದನ್ನು ಕೀಳದೆ, ಸುತ್ತಲಿನ ಮಣ್ಣಿನೊಂದಿಗೆ ಇದ್ದಲ್ಲೇ ಬಿಟ್ಟು, ಹತ್ತಿರದ ವಸ್ತುಸಂಗ್ರಹಾಲಯದ ಪುರಾತತ್ತ್ವಜ್ಞರಿಗೆ ತಿಳಿಸುವುದು ಉಚಿತ.