ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿವರೆಗೆ ಓದಬಹುದೇ?

ಪ್ರಶ್ನೆ: ನಾನು ಗೋಣಿಕೊಪ್ಪಲಿನ ಸಮೀಪದ ಹಳ್ಳಿಯವಳು. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರವಿರುವ ಸೆಬಾ ಸಂಯೋಜನೆಯಲ್ಲಿ ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ನಮಗೆ ಐದು ಎಕರೆ ರೋಬಸ್ಟ ಕಾಫಿ ತೋಟವಿದೆ. ಕಾಫಿಯನ್ನು ಈಗ ಮಾರುವುದೋ, ಇಟ್ಟುಕೊಂಡು ಕಾಯುವುದೋ ಎಂಬ ಮಾತನ್ನು ಮನೆಯಲ್ಲಿ ಪ್ರತಿ ವರ್ಷ ಕೇಳುತ್ತ ಬೆಳೆದವಳಿಗೆ ಅರ್ಥಶಾಸ್ತ್ರವನ್ನು ಸಂಶೋಧನೆಯ ಮಟ್ಟದವರೆಗೆ ಓದಬೇಕೆಂಬ ಆಸೆ ಹುಟ್ಟಿದೆ. ಅಪ್ಪ ಬಿಕಾಂ ಸೇರು ಎನ್ನುತ್ತಾರೆ. ಕೊಡಗಿನಲ್ಲೇ ಪದವಿ ಓದಿದರೆ ಮುಂದೆ ತೊಂದರೆಯಾಗುತ್ತದೆಯೇ? ಪದವಿಯ ಮೂರು ವರ್ಷಗಳನ್ನು ಹೇಗೆ ಯೋಜಿಸಬೇಕು?

ಉತ್ತರ: ಯಾವ ಊರಿನ ಕಾಲೇಜು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ನಿಮ್ಮ ಪತ್ರದ ಮೊದಲ ಸಾಲುಗಳಲ್ಲೇ ಇದೆ. ನಿಮ್ಮ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರವಿತ್ತು, ಗಣಿತವಿರಲಿಲ್ಲ. ಸ್ನಾತಕೋತ್ತರ ಮಟ್ಟದ ಅರ್ಥಶಾಸ್ತ್ರವು ಬಹುಪಾಲು ಗಣಿತದ ಭಾಷೆಯಲ್ಲೇ ನಡೆಯುತ್ತದೆ. ಇದು ಪಿಯುಸಿ ಪುಸ್ತಕಗಳಿಂದ ಗೊತ್ತಾಗುವುದಿಲ್ಲ. ಪದವಿಯ ಅನೇಕ ಪಠ್ಯಕ್ರಮಗಳಿಂದಲೂ ಗೊತ್ತಾಗುವುದಿಲ್ಲ. ಬಿಎ ಪದವಿಯಲ್ಲಿ ಒಳ್ಳೆಯ ಅಂಕ ಪಡೆದು, ಕೊನೆಯ ವರ್ಷದಲ್ಲಿ ಮೊದಲ ಬಾರಿಗೆ ಎಂಎ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯನ್ನು ತೆರೆದು ದಿಗಿಲುಗೊಂಡ ವಿದ್ಯಾರ್ಥಿಗಳನ್ನು ನಾನು ಬೋಧನೆಯ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅವರಲ್ಲಿ ಬುದ್ಧಿಶಕ್ತಿಯ ಕೊರತೆ ಇರಲಿಲ್ಲ. ಈ ವಿಷಯವನ್ನು ಮೂರು ವರ್ಷ ಮೊದಲೇ ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೆ. ನಿಮಗೆ ಈಗಲೇ ಹೇಳುತ್ತಿದ್ದೇನೆ.

ಗಣಿತ ಏಕೆ ಬೇಕು ಎಂಬುದನ್ನು ನಿಮ್ಮ ಮನೆಯ ಪ್ರಶ್ನೆಯಿಂದಲೇ ನೋಡೋಣ. ರೋಬಸ್ಟದ ಅಂತರರಾಷ್ಟ್ರೀಯ ಬೆಲೆ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಿಗದಿಯಾಗುತ್ತದೆ, ನಿಮ್ಮ ತಂದೆಗೆ ಸಿಗುವುದು ಐವತ್ತು ಕೆಜಿಯ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಇಷ್ಟು ರೂಪಾಯಿ ಎಂಬ ಬೆಲೆ. ಈ ಎರಡರ ನಡುವೆ ಡಾಲರ್-ರೂಪಾಯಿ ವಿನಿಮಯ ದರವಿದೆ, ಒಂದು ಮೂಟೆಯಿಂದ ಎಷ್ಟು ಕೆಜಿ ಸಂಸ್ಕರಿಸಿದ ಬೀಜ ದೊರೆಯುತ್ತದೆ ಎಂಬ ಔಟ್‌ಟರ್ನ್ ಇದೆ, ಸಾಗಣೆಯ ಖರ್ಚಿದೆ, ಖರೀದಿದಾರರು ಎಷ್ಟು ಮಂದಿ ಇದ್ದಾರೆ ಎಂಬ ಸಂಗತಿಯೂ ಇದೆ. ಲಂಡನ್ನಿನಲ್ಲಿ ಬೆಲೆ ಏರಿದಾಗ ಅದರಲ್ಲಿ ಎಷ್ಟು ಪಾಲು, ಎಷ್ಟು ದಿನಗಳಲ್ಲಿ ಗೋಣಿಕೊಪ್ಪಲನ್ನು ತಲುಪುತ್ತದೆ? ಇಳಿದಾಗಲೂ ಅಷ್ಟೇ ನಿಧಾನವಾಗಿ ಇಳಿಯುತ್ತದೆಯೇ, ಅಥವಾ ಮರುದಿನವೇ ಇಳಿದುಬಿಡುತ್ತದೆಯೇ? ಇದನ್ನು ಊಹೆಯಿಂದ ಹೇಳದೆ ಅಂಕಿಅಂಶಗಳಿಂದ ತೋರಿಸಬೇಕಾದರೆ ಎಕನಾಮೆಟ್ರಿಕ್ಸ್, ಅಂದರೆ ಆರ್ಥಿಕ ಅಂಕಿಅಂಶಗಳನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ವಿಶ್ಲೇಷಿಸುವ ವಿದ್ಯೆ ಬೇಕು, ಎಕನಾಮೆಟ್ರಿಕ್ಸ್‌ಗೆ ಸಂಭವನೀಯತೆ ಮತ್ತು ಮ್ಯಾಟ್ರಿಕ್ಸ್ ಬೇಕು. ಇಂದು ಮಾರುವುದೋ ಕಾಯುವುದೋ ಎಂಬ ನಿರ್ಧಾರವನ್ನು ಸಿದ್ಧಾಂತವಾಗಿ ಬರೆಯಲು ಕ್ಯಾಲ್ಕುಲಸ್ ಬೇಕು. ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಸಂಗ್ರಹಿಸಿ ಮಾರುತ್ತಿದ್ದ ಪೂಲ್ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾದ ಮೇಲಷ್ಟೇ ಈ ನಿರ್ಧಾರದ ಭಾರ ಬೆಳೆಗಾರನ ಹೆಗಲಿಗೆ ಬಂತು. ನಿಮ್ಮ ಮನೆಯಲ್ಲಿ ಪ್ರತಿ ವರ್ಷ ನಡೆಯುವ ಚರ್ಚೆಗೂ ಒಂದು ಆರ್ಥಿಕ ಇತಿಹಾಸವಿದೆ.

ಈಗ ಗಣಿತದ ಕೊರತೆಯನ್ನು ತುಂಬಿಕೊಳ್ಳುವ ದಾರಿ. ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗಳಂಥ ಕೆಲವೆಡೆ ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಗಣಿತ ಓದಿರಬೇಕೆಂಬ ಷರತ್ತೇ ಇದೆ. ಇದಕ್ಕಾಗಿ ಒಂದು ವರ್ಷ ಮನೆಯಲ್ಲಿ ಕೂರುವ ಅಗತ್ಯವಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲಕ ಹನ್ನೆರಡನೆಯ ತರಗತಿಯ ಗಣಿತವೊಂದನ್ನೇ ತೆಗೆದುಕೊಂಡು ಪರೀಕ್ಷೆ ಬರೆಯಲು ಅವಕಾಶವಿದೆ, ಪರೀಕ್ಷೆಗಳು ವರ್ಷಕ್ಕೆ ಎರಡು ಬಾರಿ ನಡೆಯುತ್ತವೆ. ಪದವಿಯ ಮೊದಲ ವರ್ಷದ ಜೊತೆಜೊತೆಗೇ ಇದನ್ನು ಮುಗಿಸಿ. ಹೀಗೆ ಪ್ರತ್ಯೇಕವಾಗಿ ಪಡೆದ ಗಣಿತವನ್ನು ಅರ್ಹತೆಯಾಗಿ ಒಪ್ಪುತ್ತೀರಾ ಎಂದು ನಿಮ್ಮ ಗುರಿಯ ಸಂಸ್ಥೆಗಳಿಗೆ ಇಮೇಲ್ ಬರೆದು, ಬಂದ ಉತ್ತರವನ್ನು ಜೋಪಾನವಾಗಿಡಿ.

ಬಿಕಾಂ ಬಗ್ಗೆ ನಿಮ್ಮ ತಂದೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಿಕಾಂ ಮಾಡಿದವರಿಗೂ ಎಂಎ ಅರ್ಥಶಾಸ್ತ್ರದ ಬಾಗಿಲು ಅನೇಕ ಕಡೆ ತೆರೆದೇ ಇದೆ. ಆದರೆ ಅಲ್ಲಿ ಲೆಕ್ಕಶಾಸ್ತ್ರ, ತೆರಿಗೆ, ಕಂಪನಿ ಕಾಯ್ದೆಗಳಿಗೆ ಸಮಯ ಹೋಗಿ ಅರ್ಥಶಾಸ್ತ್ರಕ್ಕೆ ಉಳಿಯುವುದು ಕೆಲವೇ ಪತ್ರಿಕೆಗಳು. ಸಂಶೋಧನೆಯೇ ಗುರಿಯಾಗಿದ್ದರೆ ಅರ್ಥಶಾಸ್ತ್ರವನ್ನು ಮುಖ್ಯವಾಗಿ ಓದುವ ಪದವಿಯೇ ಸರಿ. ಕೆಲಸದ ಚಿಂತೆ ಅವರಿಗಿದ್ದರೆ, ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೂ ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆಗಳಿಗೂ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಅರ್ಹತೆ ಎಂಬುದನ್ನು ತಿಳಿಸಿ. ಪಿಎಚ್‌ಡಿ ಬೇಡವೆನಿಸಿದರೂ ಎಂಎ ವ್ಯರ್ಥವಾಗುವುದಿಲ್ಲ.

ಕೊಡಗಿನಲ್ಲೇ ಓದಬಹುದೇ? ಓದಬಹುದು. ಬೆಂಗಳೂರು, ಮೈಸೂರುಗಳ ಕೆಲವು ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರೂ ಒಟ್ಟಿಗೆ ಇರುವ ಸಂಯೋಜನೆ ಸಿಗುತ್ತದೆ. ಈ ಓದಿಗೆ ಅದಕ್ಕಿಂತ ಒಳ್ಳೆಯ ತಳಪಾಯವಿಲ್ಲ. ಆದರೆ ಪಿಯುಸಿಯಲ್ಲಿ ಗಣಿತವಿಲ್ಲದ ನಿಮಗೆ ಈ ವರ್ಷ ಅಲ್ಲಿ ಸೀಟು ಸಿಗುವುದು ಕಷ್ಟ. ಗಣಿತವಿಲ್ಲದ ಬಿಎ ಓದಲು ಬೆಂಗಳೂರಿನ ಹಾಸ್ಟೆಲಿಗೆ ಮೂರು ವರ್ಷ ಹಣ ತೆರುವುದಕ್ಕಿಂತ, ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಂಥ ಕಡೆ ಓದಿ, ಉಳಿದ ಹಣವನ್ನು ಎಂಎ ಓದಿಗೆ ತೆಗೆದಿಡುವುದು ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ಸಣ್ಣ ಊರಿನ ಕಾಲೇಜಿನಲ್ಲಿ ಅಧ್ಯಾಪಕರಿಗೆ ನಿಮ್ಮ ಪರಿಚಯ ಚೆನ್ನಾಗಿರುತ್ತದೆ, ಮುಂದೆ ಶಿಫಾರಸು ಪತ್ರ ಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಜಾರಿಯಲ್ಲಿದೆ. ಹಾಗಾಗಿ ನಿಮ್ಮ ದಾರಿ ಮೂರು ವರ್ಷದ ಪದವಿ, ಎರಡು ವರ್ಷದ ಎಂಎ, ಆಮೇಲೆ ಪಿಎಚ್‌ಡಿ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಎನ್‌ಐಒಎಸ್ ಗಣಿತ ಮುಗಿಯಲಿ. ಎರಡನೆಯ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚರಾಂಶಗಳ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಭವನೀಯತೆಗಳನ್ನು ಸ್ವಯಂ (SWAYAM) ಮತ್ತು ಎನ್‌ಪಿಟಿಇಎಲ್ (NPTEL) ಎಂಬ ಆನ್‌ಲೈನ್ ತಾಣಗಳ ಉಚಿತ ಪಾಠಗಳಿಂದ ಕಲಿಯಿರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲವಾದ್ದರಿಂದ ಜೂನ್‌ಗೆ ಮೊದಲೇ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪಾಠ ನೋಡಿದರೆ ಮಾತ್ರ ಗಣಿತ ಬರುವುದಿಲ್ಲ; ದಿನಕ್ಕೆ ಒಂದೂವರೆ ಗಂಟೆಯಾದರೂ ಪೆನ್ನು ಹಿಡಿದು ಲೆಕ್ಕ ಬಿಡಿಸಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಎಂಎಸ್‌ಕ್ಯೂಇ ಎಂಬ ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸಿನ ಪ್ರವೇಶ ಪರೀಕ್ಷೆಯ ಪಿಇಎ ಪತ್ರಿಕೆ ಬಹುತೇಕ ಗಣಿತವೇ. ಅದರ ಹಳೆಯ ಪ್ರತಿಯೊಂದನ್ನು ಈ ತಿಂಗಳೇ ಮುದ್ರಿಸಿ ಓದುವ ಮೇಜಿನ ಮೇಲಿಟ್ಟುಕೊಳ್ಳಿ. ಇಂದು ಅದರಲ್ಲಿ ಒಂದು ಪ್ರಶ್ನೆಯೂ ಅರ್ಥವಾಗದಿರಬಹುದು. ಆರು ತಿಂಗಳಿಗೊಮ್ಮೆ ತೆರೆದು ನೋಡಿ.

ಇದರ ಜೊತೆಗೆ ಒಂದು ಕೆಲಸವನ್ನು ನೀವು ಇಂದಿನಿಂದಲೇ ಆರಂಭಿಸಬಹುದು. ರೋಬಸ್ಟ ಚೆರ್ರಿಯ ಸ್ಥಳೀಯ ಬೆಲೆ, ಲಂಡನ್ ಬೆಲೆ, ಡಾಲರ್ ದರ, ಈ ಮೂರನ್ನೂ ದಿನವೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ. ಕಾಫಿ ಮಂಡಳಿಯು ಮಾರುಕಟ್ಟೆಯ ದೈನಂದಿನ ಮಾಹಿತಿಯನ್ನು ಪ್ರಕಟಿಸುತ್ತದೆ. ನಿಮ್ಮ ಊರಿನ ವ್ಯಾಪಾರಿ ಕೊಡುವ ಬೆಲೆಯನ್ನು ಮಾತ್ರ ನೀವೇ ಕೇಳಿ ಬರೆಯಬೇಕು. ಮೂರು ವರ್ಷಗಳ ಕೊನೆಗೆ ನಿಮ್ಮ ಕೈಯಲ್ಲಿರುವ ಅಂಕಿಅಂಶ ಬೇರೆ ಯಾವ ವಿದ್ಯಾರ್ಥಿಯ ಬಳಿಯೂ ಇರಲಾರದು. ಆ ಹೊತ್ತಿಗೆ ಆರ್ (R) ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದನ್ನು ವಿಶ್ಲೇಷಿಸಲು ಕಲಿತಿದ್ದರೆ ಅದೇ ನಿಮ್ಮ ಮೊದಲ ಸಂಶೋಧನಾ ಪ್ರಬಂಧವಾಗುತ್ತದೆ.

ಸ್ನಾತಕೋತ್ತರ ಓದಿಗಾಗಿ ಮೊದಲಿಗೆ ನೋಡಬೇಕಾದವು ಮೇಲೆ ಹೇಳಿದ ಇಂದಿರಾ ಗಾಂಧಿ ಸಂಸ್ಥೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಮತ್ತು ವಿ.ಕೆ.ಆರ್.ವಿ. ರಾವ್ ಅವರು 1949ರಲ್ಲಿ ಸ್ಥಾಪಿಸಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್. ಮೊದಲ ಎರಡಕ್ಕೆ ಅವುಗಳದ್ದೇ ಪ್ರವೇಶ ಪರೀಕ್ಷೆಯಿದೆ, ದೆಹಲಿಗೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಹತ್ತಿರದಲ್ಲೇ ಓದಬೇಕೆಂದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಇದೆ, ಬೆಂಗಳೂರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯವಿದೆ. ಪಿಎಚ್‌ಡಿಗೆ ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೂ (ಐಸೆಕ್) ಇದೆ. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ. ಆ ಯೋಚನೆಯನ್ನು ಎಂಎ ಮೊದಲ ವರ್ಷದಲ್ಲಿ ಮಾಡಿದರೆ ಸಾಕು.

ಒಂದು ವಿಷಯವನ್ನು ನಿಮ್ಮ ತಂದೆ-ತಾಯಿಯರ ಜೊತೆ ಈಗಲೇ ಮಾತನಾಡಿಕೊಳ್ಳಿ. ಸಿಯುಇಟಿ-ಪಿಜಿಯ ಅರ್ಜಿ ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಹೊತ್ತಿಗೆ, ಪರೀಕ್ಷೆ ಮಾರ್ಚ್‌ನಲ್ಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪರೀಕ್ಷೆ ಮೇ ತಿಂಗಳಲ್ಲಿ. ತೋಟದಲ್ಲಿ ಕಾಫಿ ಕುಯ್ಲು, ಕಣದಲ್ಲಿ ಒಣಗಿಸುವ ಕೆಲಸ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವ ಕೆಲಸ, ಎಲ್ಲವೂ ಬರುವುದು ಇದೇ ತಿಂಗಳುಗಳಲ್ಲಿ. ಪದವಿಯ ಮೂರನೆಯ ವರ್ಷದ ಆ ಒಂದು ಕುಯ್ಲಿಗೆ ನೀವು ಕಣದಲ್ಲಿ ಇರಲಾರಿರಿ ಎಂಬುದು ಅವರಿಗೆ ಈಗಲೇ ತಿಳಿದಿದ್ದರೆ, ಆ ವರ್ಷಕ್ಕೆ ಇನ್ನೊಬ್ಬ ಆಳನ್ನು ಗೊತ್ತುಮಾಡಿಕೊಳ್ಳಲು ಅವರಿಗೆ ಸಮಯವಿರುತ್ತದೆ.