ಬಾಣದ ಗುರುತು ನೋಡಿ, ಆಮೇಲೆ ಸ್ಪಾನರ್ ಬಾಯಿ ಅಳೆಯಿರಿ

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಯಿತು. ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದರು. ಅವರ ನೆನಪಿಗೆ ಏನಾದರೂ ಇರಲಿ ಅಂತ ಜೂನಾ ಬಜಾರಿನಲ್ಲಿ ಐದು ಸ್ಪಾನರ್ ಕೊಂಡೆ. ಎಲ್ಲವೂ ಯುದ್ಧದ ಜೀಪಿನವು ಎಂದು ಮಾರಿದವನು ಹೇಳಿದ. ಒಂದರ ಮೇಲೆ ಮೂರು ಗೆರೆಯ ಬಾಣ, 1943 ಎಂಬ ಇಸವಿ, ಜೊತೆಗೆ ‘1/4 ಡಬ್ಲ್ಯು, 5/16 ಬಿಎಸ್’ ಎಂದಿದೆ. ಇನ್ನೊಂದರ ಮೇಲೆ ಬಳುಕು ಬರಹದ ‘ಎಫ್’. ಉಳಿದ ಮೂರಕ್ಕೆ ತುಕ್ಕು ಜಾಸ್ತಿ, ಏನೂ ಓದಲಾಗುವುದಿಲ್ಲ. ಗ್ರೈಂಡರ್ ಹಿಡಿಸಿ ಹಸಿರು ಬಣ್ಣ ಹೊಡೆಸಲೇ? ಇವು ನಿಜವಾಗಿ ಜೀಪಿನವೇ?

ಉತ್ತರ: ಗ್ರೈಂಡರ್ ಹತ್ತಿರವೂ ಒಯ್ಯಬೇಡಿ ಸರ್. ಮೊದಲು ಅದನ್ನೇ ಹೇಳುತ್ತೇನೆ, ಯಾಕಂದರೆ ಆ ತಪ್ಪು ನಾನೇ ಮಾಡಿದ್ದೇನೆ. ಗುಜರಿಯಿಂದ ತೂಕಕ್ಕೆ ತಂದ ಒಂದು ಸ್ಪಾನರಿಗೆ ಹೊಳಪು ಬರಲಿ ಎಂದು ಚಕ್ರಕ್ಕೆ ಹಿಡಿದೆ. ಅರ್ಧ ನಿಮಿಷದಲ್ಲಿ ಇಸವಿ ಹೋಯಿತು. ಅದು ಈಗಲೂ ನನ್ನ ಬಳಿ ಇದೆ. ಆದರೆ ಯಾವ ಕಾಲದ್ದು ಎಂದು ಯಾರಿಗೂ ತೋರಿಸಿ ಹೇಳಲಾರೆ.

ನಿಮ್ಮ ಬಾಣದ ಸ್ಪಾನರಿಗೆ ಬರೋಣ. ಆ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬ ಗುರುತು. ಅದನ್ನು ಅಳಿಸುವುದು 1875ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಅಪರಾಧವಾಗಿತ್ತು. ಬಾಣದ ಕೆಳಗೆ ಇಂಗ್ಲಿಷಿನ ‘ಐ’ ಅಕ್ಷರ ಇದ್ದರೆ ಅದು ಭಾರತದ್ದು. ‘ಸಿ’ ಅಕ್ಷರದ ಹೊಟ್ಟೆಯೊಳಗೆ ಬಾಣ ಇದ್ದರೆ ಕೆನಡಾದ್ದು. ಎರಡು ‘ಡಿ’ಗಳ ನಡುವೆ ಇದ್ದರೆ ಆಸ್ಟ್ರೇಲಿಯಾದ್ದು. ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡು ನಿಂತಿದ್ದರೆ, ಸೇನೆಯೇ ಅದನ್ನು ಲೆಕ್ಕದಿಂದ ತೆಗೆದು ಮಾರಿದೆ ಎಂದರ್ಥ. ಸಂಗ್ರಹಕಾರರಿಗೆ ಇದು ಬಹಳ ನೆಮ್ಮದಿಯ ಗುರುತು. ಭೂತಗನ್ನಡಿ ಹಿಡಿದು ಹುಡುಕಿ ನೋಡಿ.

ಆದರೆ ಬಾಣ ಹೇಳುವುದು ಮಾಲೀಕ ಯಾರು ಅಂತ ಮಾತ್ರ. ಯಾವ ಗಾಡಿಯದ್ದು ಎಂದು ತಿಳಿಯಲು ಅಳತೆ ಓದಬೇಕು. ಹೊಸಬರು ಎಡವುವುದು ಇಲ್ಲೇ. ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಆ ‘1/4 ಡಬ್ಲ್ಯು’ ಬಾಯಿಯನ್ನು ಅಳೆಯಿರಿ. ಕಾಲು ಇಂಚು ಎಂದರೆ ಆರೂಕಾಲು ಮಿಲಿಮೀಟರಿನ ಆಸುಪಾಸು ಬರಬೇಕಿತ್ತು, ಅಲ್ವಾ? ಬರುವುದು ಸುಮಾರು 13.3 ಮಿಲಿಮೀಟರ್. ‘ಡಬ್ಲ್ಯು’ ಎಂದರೆ ವಿಟ್ವರ್ತ್ ಎಂಬ ಬೋಲ್ಟಿನ ಅಳತೆ. ಹಳೇ ಬ್ರಿಟಿಷ್ ಪದ್ಧತಿಯಲ್ಲಿ ಸ್ಪಾನರ್ ಮೇಲೆ ಬರೆಯುತ್ತಿದ್ದದ್ದು ಬೋಲ್ಟಿನ ದಪ್ಪ, ಅದರ ತಲೆಯ ಅಗಲ ಅಲ್ಲ. ‘5/16 ಬಿಎಸ್’ (ಬಿಎಸ್ ಎಂದರೆ ಬ್ರಿಟಿಷ್ ಸ್ಟ್ಯಾಂಡರ್ಡ್) ಎಂದಿರುವುದು ಯಾಕೆಂದರೆ, ಸಣ್ಣ ಮರೆಯ, ಅಂದರೆ ತಿರುಪಿನ ಸುತ್ತು ಒತ್ತೊತ್ತಾಗಿರುವ, 5/16 ಇಂಚು ಬೋಲ್ಟಿನ ತಲೆಯೂ ಅದೇ ಅಗಲ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ 1/2 ಎಂದು ಬರೆದಿದ್ದರೆ ಬಾಯಿ ನೇರವಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್.

ಯುದ್ಧಕಾಲದ ಜೀಪು ಅಮೆರಿಕದ್ದು. ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅದರ ಬೋಲ್ಟುಗಳಿಗೆ ನಿಮ್ಮ ವಿಟ್ವರ್ತ್ ಸ್ಪಾನರ್ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅದು ಯುದ್ಧಕಾಲದ್ದು ಹೌದು, ಜೀಪಿನದ್ದಲ್ಲ. ಬಿಎಸ್‌ಎ ಎಂ20 ಥರದ ಬ್ರಿಟಿಷ್ ಸೇನಾ ಮೋಟಾರ್ ಸೈಕಲ್ಲಿಗೆ ಇಂಥ ಸ್ಪಾನರ್ ಬೇಕಾಗುತ್ತಿತ್ತು.

ಇನ್ನು ಆ ‘ಎಫ್’. ವಿಲ್ಲಿಸ್ ಮಾಡಿದ ಭಾಗಗಳಿಂದ ತನ್ನದನ್ನು ಬೇರೆ ಮಾಡಲು ಫೋರ್ಡ್ ತನ್ನ ಜೀಪಿನ ಬೋಲ್ಟಿನ ತಲೆಯ ಮೇಲೂ ‘ಎಫ್’ ಒತ್ತುತ್ತಿತ್ತು. ಆದರೆ ಫೋರ್ಡ್ ಶಾಂತಿಕಾಲದಲ್ಲೂ ಕಾರು ಮಾಡಿದ ಕಂಪನಿ. ಬರೀ ಅಕ್ಷರ ನೋಡಿ ಯುದ್ಧದ್ದು ಎನ್ನುವ ಹಾಗಿಲ್ಲ. ಇನ್ನೊಂದು ಮಾತು. 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ನಮ್ಮ ಗುಜರಿಗಳಲ್ಲಿ ‘ಜೀಪಿನ ಪಾನಾ’ ಎಂದು ಸಿಗುವುದು ಜಾಸ್ತಿ ಆ ನಂತರದ ಕಾಲದ್ದೇ.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ‘ಎಫ್’ ಸ್ಪಾನರನ್ನೇ ಮುಂದೆ ಇಡುತ್ತಿದ್ದೆ. ಆಗ ಭಾರತದ ಸೇನೆಗೆ ಕೆನಡಾದಲ್ಲಿ ಫೋರ್ಡ್ ಮತ್ತು ಷೆವರ್ಲೆ ಮಾಡಿದ ಮೊಂಡು ಮೂಗಿನ ಲಾರಿಗಳು ಬಹಳ ಬಂದಿದ್ದವು. ಅವುಗಳ ಸ್ಟೀರಿಂಗ್ ನಮ್ಮಂತೆ ಬಲಗಡೆ, ಬೋಲ್ಟುಗಳು ಮಾತ್ರ ಅಮೆರಿಕನ್ ಅಳತೆ. ಅಜ್ಜನ ಹಳೇ ಫೋಟೊ ಇದ್ದರೆ ಹಿಂದೆ ನಿಂತ ಗಾಡಿಯ ಮೂಗು ನೋಡಿ. ಅದು ಅಂಥ ಫೋರ್ಡ್ ಲಾರಿ ಆಗಿದ್ದರೆ, ಅವರು ಕೈಯಲ್ಲಿ ಹಿಡಿದ ಸ್ಪಾನರಿಗೆ ಹತ್ತಿರದ್ದು ಈ ‘ಎಫ್’.

ತುಕ್ಕು ಹಿಡಿದ ಮೂರನ್ನು ಸೀಮೆಎಣ್ಣೆಯಲ್ಲಿ ಒಂದೆರಡು ದಿನ ನೆನೆಸಿ. ಹಳೇ ಹಲ್ಲುಜ್ಜುವ ಬ್ರಷ್ ಅಥವಾ ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಒರೆಸಿ ಒಣಗಿದ ಮೇಲೆ ಸೀಮೆಸುಣ್ಣ ತೀಡಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಡ್ಡಲಾಗಿ ಹಿಡಿಯಿರಿ. ಸತ್ತೇ ಹೋಯಿತು ಎಂದುಕೊಂಡ ಅಕ್ಷರ ಏಳುವುದನ್ನು ನೋಡುವಾಗ ಮೈ ಜುಮ್ಮೆನ್ನುತ್ತದೆ. ಆಮೇಲೆ ತೆಳುವಾಗಿ ಎಣ್ಣೆ ಸವರಿದರೆ ಸಾಕು, ಬಣ್ಣ ಬೇಡ. ಬಿಡುವಾದಾಗ ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಂಗೆ ಹೋಗಿ ಬನ್ನಿ. ಪುಣೆಯಿಂದ ಸುಮಾರು 120 ಕಿ.ಮೀ.

ಪ್ರಶ್ನೆ: ಮುಂಬಯಿಯ ಚೋರ್ ಬಜಾರಿನಲ್ಲಿ ಕಬ್ಬಿಣದ ಪೆಟ್ರೋಲ್ ಕ್ಯಾನ್ ಸಿಕ್ಕಿತು. ತಳದಲ್ಲಿ ‘20-5-44’ ಎಂದಿದೆ. 1944ರ ಮೇ 20ರಂದು ತಯಾರಾದದ್ದು ಎನ್ನುತ್ತಾರೆ. ನಿಜವೇ?

ಉತ್ತರ: ಇಸವಿ ಮಾತ್ರ ನಿಜ. ಅದು ಅಮೆರಿಕದ ಕ್ಯಾನ್. 20 ಎಂದರೆ ತಗಡಿನ ಗೇಜ್ (ದಪ್ಪದ ಅಳತೆ), 5 ಎಂದರೆ ಐದು ಗ್ಯಾಲನ್, 44 ತಯಾರಾದ ವರ್ಷ. ಮುಚ್ಚಳ ತಿರುಗಿಸುವ ಥರದ್ದೇ ನೋಡಿ. ಬ್ರಿಟಿಷರು ಜರ್ಮನ್ ಕ್ಯಾನನ್ನೇ ನಕಲು ಮಾಡಿದ್ದರಿಂದ ಅವರದ್ದಕ್ಕೆ ಒತ್ತಿ ಮುಚ್ಚುವ ಮುಚ್ಚಳ. ಮೇಲೆ ಮೂರು ಹಿಡಿ ಇರುವುದು, ತುಂಬಿದ್ದನ್ನು ಇಬ್ಬರು ಹಿಡಿಯಲಿ, ಖಾಲಿ ಇದ್ದರೆ ಒಬ್ಬನೇ ಒಂದು ಕೈಯಲ್ಲಿ ಎರಡು ಒಯ್ಯಲಿ ಎಂದು.

ಪ್ರಶ್ನೆ: ವಾಸ್ಕೋದ ನಮ್ಮ ಮಾವನವರ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಮಿನುಗುತ್ತಿದ್ದ ಹಳೇ ಸೇನಾ ದಿಕ್ಸೂಚಿ ಇದೆ. ಈಗ ಮಿನುಗುವುದಿಲ್ಲ. ಬಿಚ್ಚಿ ಒಳಗೆ ಒರೆಸಬಹುದೇ?

ಉತ್ತರ: ಬೇಡ ತಂಗಿ. ಆ ಕಾಲದ ಮಿನುಗುವ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಬೆಳಕು ಸತ್ತರೂ ರೇಡಿಯಂ ಸಾಯುವುದಿಲ್ಲ, ಅದು ಅರ್ಧ ಆಗಲು 1600 ವರ್ಷ ಬೇಕು. ಗಾಜು ಒಡೆದಿಲ್ಲವಾದರೆ ಹಾಗೇ ಡಬ್ಬಿಯಲ್ಲಿಟ್ಟು, ಮಲಗುವ ಕೋಣೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಿಚ್ಚಿದರೆ ಬಣ್ಣದ ಪುಡಿ ಉದುರಿ ಉಸಿರಿನೊಳಗೆ ಹೋಗುತ್ತದೆ. ಅದೇ ಪೆಟ್ಟಿಗೆಯಲ್ಲಿ ಗುಂಡು, ಶೆಲ್ ಏನಾದರೂ ಕಂಡರೆ ಮುಟ್ಟದೆ 112ಕ್ಕೆ ಫೋನ್ ಮಾಡಿ.