ಮೀನಿನ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ತೊಳೆದರೆ ಸಾಕಾ?

ತೊಳೆಯಲೇಬೇಡಿ ಮಾರಾಯ್ರೆ! ಸಣ್ಣ ತೊಟ್ಟಿ, ನಾಲ್ಕು ಗಪ್ಪಿ ಮೀನು, ಭಾನುವಾರ ಬಂತೆಂದರೆ ಎಲ್ಲ ಖಾಲಿ ಮಾಡಿ ಉಜ್ಜುವುದು. ನಿಮ್ಮ ಈ ಯೋಜನೆಯನ್ನು ನಾನು ಮಂಗಳೂರಿನ ಬಿಜೈಯ ಮನೆಯಲ್ಲಿ ಚಾಚೂತಪ್ಪದೆ ಮಾಡಿ ನೋಡಿದ್ದೇನೆ.

ಮೀನುಗಳು ಚೆನ್ನಾಗಿಯೇ ಇದ್ದವು. ಮನೆಗೆ ನೆಂಟರು ಬರುವವರಿದ್ದರು, ಫಿಲ್ಟರಿನ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಅದನ್ನು ನಲ್ಲಿ ಕೆಳಗೆ ಹಿಡಿದು, ಅಂಗಡಿಯಿಂದ ತಂದ ದಿನದ ಬಣ್ಣ ಬರುವವರೆಗೆ ಹಿಂಡಿದೆ. ಕಲ್ಲುಗಳನ್ನೂ ತಿಕ್ಕಿದೆ. ನೀರು ಕನ್ನಡಿಯ ಹಾಗಿತ್ತು, ನೆಂಟರು ಹೊಗಳಿದರು. ಅವರು ಹೋಗುವ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ರೋಗ ಅಂದುಕೊಂಡು ನೀಲಿ ಔಷಧಿ ಹಾಕಿದೆ. ಒಂದೂ ಉಳಿಯಲಿಲ್ಲ.

ನಾನು ಹಿಂಡಿ ಚರಂಡಿಗೆ ಬಿಟ್ಟದ್ದು ಕೊಳೆ ಮಾತ್ರ ಅಲ್ಲ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಕಣ್ಣಿಗೆ ಕಾಣದು, ಆದರೆ ಕಿವಿರು ಸುಡುವ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಜಾಸ್ತಿ ಆಗದಿದ್ದರೆ ಮೀನಿಗೆ ತೊಂದರೆ ಇಲ್ಲ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಸ್ಪಾಂಜಿನ ಆ ಲೋಳೆಯಲ್ಲಿ! ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಹಿಂಡಿದ ಮೇಲೆ ಉಳಿದಿದ್ದ ಬ್ಯಾಕ್ಟೀರಿಯಾವನ್ನು ಅದು ಮುಗಿಸಿತು.

ಸೊಳ್ಳೆ ಮರಿ ತಿನ್ನಲೆಂದು ಬಾವಿಗೆ ಬಿಟ್ಟ ಗಪ್ಪಿ ಯಾಕೆ ಸಾಯುವುದಿಲ್ಲ ಎಂದೂ ಕೇಳಿದ್ದೀರಿ. ಬಾವಿಯಲ್ಲಿ ಸಾವಿರಾರು ಲೀಟರ್ ನೀರು ಉಂಟು, ಗೋಡೆ ತುಂಬ ಪಾಚಿ ಉಂಟು. ಅದನ್ನು ಯಾರೂ ವಾರ ವಾರ ಉಜ್ಜುವುದಿಲ್ಲ, ಅಲ್ವಾ?

ಹಾಗಾಗಿ ಮೊದಲು ಮೀನು ತರಬೇಡಿ. ಗಾಜಿನ ಬೌಲ್ ಅಂತೂ ಬೇಡವೇ ಬೇಡ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ತೆಗೆದುಕೊಳ್ಳಿ, ಸುಮಾರು 50 ಲೀಟರ್ ಹಿಡಿಯುತ್ತದೆ. ಸ್ಪಾಂಜ್ ಫಿಲ್ಟರ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಆ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಸುಮ್ನೆ ಬಿಡಿ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ನಾಲ್ಕೈದು ಮೀನು ಬಿಡಿ. ಗೆಳೆಯರ ಆರೋಗ್ಯವಾದ ತೊಟ್ಟಿಯಿಂದ ಹಳೆ ಸ್ಪಾಂಜ್ ಸಿಕ್ಕಿದರೆ ಇನ್ನೂ ಬೇಗ ಆಗುತ್ತದೆ. ಆಮೇಲೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಸ್ಪಾಂಜ್ ಹಿಂಡುವುದಿದ್ದರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ. ಹೊಸದಾಗಿ ಹಾಕುವುದು ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಲು ಮರೆಯಬೇಡಿ.

ಹೀಟರ್ ಮಾರಲು ಬಂದರೆ ಬೇಡ ಅನ್ನಿ, ಮಂಗಳೂರಿನ ಸೆಕೆಗೆ ಅದೆಂತಕ್ಕೆ? ಆ ದುಡ್ಡಿಗೆ ಬ್ಯಾಟರಿಯ ಏರ್ ಪಂಪ್ ತಗೊಳ್ಳಿ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಬೇಕಾಗುತ್ತದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಗಪ್ಪಿಗೆ ಗಡಸು ನೀರು ಇಷ್ಟ. ನಾನು ಸಾರು ಮಾಡಿ ಉಳಿದ ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ತೊಳೆದು ತೊಟ್ಟಿಗೆ ಹಾಕಿದ್ದೇನೆ. ಅದರ ಸುಣ್ಣ ನಿಧಾನಕ್ಕೆ ಕರಗುತ್ತದೆ.